ಬದಿಯಡ್ಕದ ಹೋಟೆಲು: ಗೋಳಿಬಜೆಗೆ ನಾಲ್ಕು ಸ್ಟಾರ್, ಪರದೆಗೆ ಐದು

ಸಾಂಬಾರು ತೆಳು. ಕೈ ತೊಳೆಯುವಲ್ಲಿ ನಳ್ಳಿ ತಿರುಗಿಸಿದರೆ ನೀರು ಮೊದಲು ಮೊಣಕೈಗೆ ಹಾರುತ್ತದೆ, ಆಮೇಲೆ ಕೈಗೆ. ಫ್ಯಾನು ಮೂರಿವೆ, ತಿರುಗುವುದು ಒಂದೂವರೆ. ದೂರು ಇಷ್ಟು. ಮೊದಲೇ ಹೇಳಿ ಮುಗಿಸಿದ್ದೇನೆ, ಯಾಕೆಂದರೆ ಈ ಹೋಟೆಲಿಗೆ ನಾನು ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಹೋಗುತ್ತಿದ್ದೇನೆ. ನಾಳೆಯೂ ಹೋಗುವವಳೇ.

ಹೆಸರು ಹಾಕುವುದಿಲ್ಲ. ಹಾಕಬೇಡ ಅಂತ ಧಣಿಗಳೇ ಹೇಳಿದ್ದಾರೆ, ಅದಕ್ಕೊಂದು ಕಾರಣ ಉಂಟು, ಮುಂದೆ ಬರುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆ ಗೊತ್ತಲ್ಲ. ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ರಸ್ತೆಯೂ ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆಯೂ ಸೇರುವ ಜಾಗ. ಇಳಿಯುವವರು, ಹತ್ತುವವರು, ತಪ್ಪಿಸಿಕೊಂಡವರು ಎಲ್ಲರೂ ಇಲ್ಲಿ ಅರ್ಧ ಗಂಟೆಯಾದರೂ ನಿಲ್ಲುತ್ತಾರೆ. ನಿಂತವರಿಗೆ ಚಾ ಬೇಕು. ಹಾಗೆ ನಡೆಯುವ ಹೋಟೆಲು ಇದು.

ತಿಂಡಿ ವಿಷಯ ಮೊದಲು. ಬೆಳಿಗ್ಗೆ ಬನ್ಸ್ ಚೆನ್ನಾಗಿರುತ್ತದೆ. ಬಾಳೆಹಣ್ಣು ಕಿವುಚಿ ಹಿಂದಿನ ರಾತ್ರಿಯೇ ಹಿಟ್ಟು ನಾದಿ ಇಡುತ್ತಾರೆ, ಜೀರಿಗೆ ಕೈ ಬಿಟ್ಟು ಹಾಕುತ್ತಾರೆ. ಹತ್ತು ಗಂಟೆಯ ಮೇಲೆ ತಿನ್ನಬೇಡಿ, ರಬ್ಬರ್ ಆಗಿರುತ್ತದೆ. ಸಜ್ಜಿಗೆ ಬಜಿಲ್, ಅಂದರೆ ಉಪ್ಪಿಟ್ಟು ಅವಲಕ್ಕಿ, ಸಾಧಾರಣ. ಮಸಾಲೆ ದೋಸೆ ಕೇಳಬೇಡಿ. ಸಂಜೆಯ ಗೋಳಿಬಜೆಗೆ ಮಾತ್ರ ಯಾರೂ ಹೆಸರಿಡುವಂತಿಲ್ಲ. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಹತ್ತಿಯ ಹಾಗೆ, ಮಧ್ಯೆ ಎಲ್ಲೋ ಒಂದು ತುಂಡು ಶುಂಠಿ. ಚಟ್ನಿ ಎರಡನೇ ಸಲ ಕೇಳಿದರೂ ಮುಖ ಗಂಟು ಹಾಕುವುದಿಲ್ಲ. ಚಾ ಹನ್ನೆರಡು ರೂಪಾಯಿ.

ಆದರೆ ನಾನು ಬರೆಯಲು ಕೂತದ್ದು ಗೋಳಿಬಜೆಯ ಬಗ್ಗೆ ಅಲ್ಲ. ಈ ಹೋಟೆಲಿನ ಫ್ಯಾಮಿಲಿ ರೂಮಿನ ಬಗ್ಗೆ.

ನಾನು ನೀರ್ಚಾಲಿನವಳು. ವಯಸ್ಸು 27. ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಕಥೆ ಬರೆಯುತ್ತೇನೆ, ಅಂದರೆ ಬರೆಯಲು ನೋಡುತ್ತೇನೆ. ಶಾಲೆ ಮನೆಯ ಹತ್ತಿರ, ಕಾಲೇಜು ಕಾಸರಗೋಡು, ಕೆಲಸ ಬದಿಯಡ್ಕ. ಮಂಗಳೂರಿನಿಂದ ಆಚೆ ಹೋಗಿದ್ದು ಎರಡೇ ಸಲ. ಒಮ್ಮೆ ಧರ್ಮಸ್ಥಳಕ್ಕೆ, ಒಮ್ಮೆ ಕಾಲೇಜಿನ ಟೂರಿನಲ್ಲಿ ಮೈಸೂರಿಗೆ. ಮೈಸೂರಿನಲ್ಲಿ ನನಗೆ ವಾಂತಿಯಾಗಿ ಅರಮನೆ ನೋಡಲಿಲ್ಲ. ಪ್ರೀತಿ ಮಾಡಿ ಮೋಸ ಹೋದದ್ದಿಲ್ಲ. ಮನೆ ಬಿಟ್ಟು ಓಡಿದ್ದಿಲ್ಲ. ಹತ್ತಿರದವರು ಯಾರೂ ಸತ್ತಿಲ್ಲ, ಅಜ್ಜ ಒಬ್ಬರನ್ನು ಬಿಟ್ಟರೆ. ಅವರೂ ತೊಂಬತ್ತೊಂದು ದಾಟಿ, ಊಟ ಮಾಡಿ, ಮಲಗಿದಲ್ಲೇ ಹೋದರು. ಇದರಲ್ಲಿ ಕಥೆ ಎಲ್ಲಿಂದ ಬರಬೇಕು ಹೇಳಿ.

ಅದಕ್ಕೆ ನನ್ನ ಮೊದಲ ಕಥೆ ದುಬೈಯಲ್ಲಿ ನಡೆಯಿತು. ನಮ್ಮಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿ ಇರುತ್ತಾರೆ, ಅಲ್ಲಿಂದ ಬಂದ ಸಾಬೂನು, ಟೈಗರ್ ಬಾಮು ಎಲ್ಲ ಗೊತ್ತು, ಸಾಕು ಅಂದುಕೊಂಡೆ. ಒಂದು ಪತ್ರಿಕೆಗೆ ಕಳಿಸಿದೆ. ಕಥೆ ವಾಪಸು ಬಂತು. ಜೊತೆಗೆ ಒಂದೇ ಸಾಲು: “ನೀವು ದುಬೈ ನೋಡಿದ್ದೀರಾ?” ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ 1,499 ರೂಪಾಯಿ ಕೊಟ್ಟು ಕಥೆ ಬರೆಯುವ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದೆ. ಅದರ ಹೆಸರೂ ಬೇಡ. ದಿನಕ್ಕೊಂದು ಸನ್ನಿವೇಶ ಕಳಿಸುತ್ತಿದ್ದರು. “ಹಿಮ ಬೀಳುವ ರಾತ್ರಿ. ಅಪರಿಚಿತನೊಬ್ಬ ಬಾಗಿಲು ತಟ್ಟುತ್ತಾನೆ. ಮುಂದುವರಿಸಿ.” ನಮ್ಮ ಮನೆಯಲ್ಲಿ ರಾತ್ರಿ ಯಾರಾದರೂ ಬಾಗಿಲು ತಟ್ಟಲು ಸಾಧ್ಯವೇ ಇಲ್ಲ. ಗೇಟಿನ ಹತ್ತಿರ ಬರುವಾಗಲೇ ನಾಯಿ ಬೊಗಳುತ್ತದೆ, ಅಪ್ಪ ಜಗಲಿ ಲೈಟು ಹಾಕಿ “ಯಾರು? ಏರ್? ಆರಾ?” ಎಂದು ಮೂರು ಭಾಷೆಯಲ್ಲಿ ಕೇಳುತ್ತಾರೆ. ಬಂದವನು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾನೋ ಅದರಲ್ಲೇ ಅರ್ಧ ಗುರುತು ಸಿಗುತ್ತದೆ. ಇದು ಆಗ ನನಗೆ ಹೊಳೆಯಲಿಲ್ಲ. ಹಿಮದ ಬಗ್ಗೆಯೇ ನಾಲ್ಕು ಪುಟ ಬರೆದೆ. ಕೋರ್ಸಿನವರು ‘ಸುಂದರ’ ಅಂತ ಉತ್ತರ ಹಾಕಿದರು.

ಈ ಹೋಟೆಲು ಸಿಕ್ಕಿದ್ದು ಮಳೆಯಿಂದ. ನನ್ನ ಕೆಲಸ ಮೂರೂವರೆಗೆ ಮುಗಿಯುತ್ತದೆ. ನಮ್ಮ ಒಳದಾರಿಗೆ ಬರುವ ಬಸ್ಸು ಐದಕ್ಕೆ. ಜುಲೈಯ ಒಂದು ದಿನ ಕೊಡೆ ಅಂಗಡಿಯಲ್ಲಿ ಮರೆತು ಇಲ್ಲಿ ನುಗ್ಗಿದೆ. ಹಾಲ್ ತುಂಬ ಗಂಡಸರು. ಧಣಿಗಳು ಗಲ್ಲಾಪೆಟ್ಟಿಗೆಯ ಹತ್ತಿರದಿಂದಲೇ ಕೈ ತೋರಿಸಿ, “ತಂಗೀ, ಒಳಗೆ ಫ್ಯಾಮಿಲಿಯಲ್ಲಿ ಕೂತುಕೋ” ಎಂದರು. ನಾನೊಬ್ಬಳೇ ಫ್ಯಾಮಿಲಿ.

ರೂಮು ಅಂದರೆ ರೂಮೇನಲ್ಲ. ಹಾಲಿನ ಮೂಲೆಯಲ್ಲಿ ಎರಡು ಪ್ಲೈವುಡ್ ಹಲಗೆ ನಿಲ್ಲಿಸಿ, ಎದುರಿಗೆ ಒಂದು ಪರದೆ ಬಿಟ್ಟಿದ್ದಾರೆ. ಪರದೆಗೆ ನೀಲಿ ಹೂವು, ಒಂದು ಕಡೆ ಸಾಂಬಾರಿನ ಕಲೆ. ಅದು ನೆಲದಿಂದ ಒಂದೂವರೆ ಅಡಿ ಮೇಲೆ ನಿಲ್ಲುತ್ತದೆ. ಅಂದರೆ ಒಳಗೆ ಕೂತವರಿಗೆ ಹೊರಗಿನವರ ಮಾತು ಪೂರ್ತಿ ಕೇಳುತ್ತದೆ, ಕಾಲು ಮಾತ್ರ ಕಾಣುತ್ತದೆ. ಮುಖ ಇಲ್ಲ. ಹೊಟ್ಟೆಗೆ ಹೊರಗೂ ಒಳಗೂ ಒಂದೇ ಗೋಳಿಬಜೆ. ಕಥೆ ಬರೆಯುವವರಿಗೆ ಹೊರಗೆ ಕೂತರೆ ಏನೂ ಸಿಗುವುದಿಲ್ಲ.

ಮೊದಲ ವಾರ ನನಗೆ ಕೇಳಿದ್ದು ಅಡಿಕೆ ರೇಟು ಮಾತ್ರ. ಹೊಸತು ಎಷ್ಟು, ಹಳತು ಎಷ್ಟು, ಪಟೋರಕ್ಕೆ ಯಾಕೆ ಇಷ್ಟು ಕಡಿಮೆ, ಕರಿಗೋಟು ಯಾರು ಕೊಳ್ಳುತ್ತಾರೆ. ಬೋರು. ಕಿಟಕಿಯ ಪಕ್ಕದ ಟೇಬಲಿನಲ್ಲಿ ರಿಟೈರಾದ ಮಾಸ್ತರುಗಳು ಕೂರುತ್ತಾರೆ. ನವೆಂಬರ್ ಒಂದರಂದು ಅವರ ಹತ್ತಿರ ಕೂರಬೇಡಿ. 1956ರಲ್ಲಿ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು, 1967ರಲ್ಲಿ ಗಡಿಯ ಬಗ್ಗೆ ಮಹಾಜನ ವರದಿ ಬಂತು, ಚಂದ್ರಗಿರಿ ಹೊಳೆಯ ಈಚೆಗಿನದು ಕರ್ನಾಟಕಕ್ಕೆ ಸೇರಬೇಕು ಅಂತ ಅದರಲ್ಲಿ ಇತ್ತು, ಆಮೇಲೆ ಏನೂ ಆಗಲಿಲ್ಲ. ಎಲ್ಲ ಸರಿಯೇ. ನಮ್ಮ ನೋವೂ ಹೌದು. ಆದರೆ ಎಷ್ಟೋ ಸಲ ಹೇಳಿ ಹೇಳಿ ಅದು ಬಾಯಿಪಾಠ ಆಗಿದೆ, ಒಂದು ಪದವೂ ಆಚೀಚೆ ಆಗುವುದಿಲ್ಲ. ಆ ಟೇಬಲಿನಿಂದ ನಾನು ಎತ್ತಿಕೊಂಡದ್ದು ಒಂದೇ. ಒಬ್ಬ ಮಾಸ್ತರರು ಬಿಲ್ಲು ಕೊಡುವ ಸರದಿ ತನ್ನದಾದ ದಿನ ಚಾ ಮಾತ್ರ ಹೇಳುತ್ತಾರೆ, ಬೇರೆಯವರದಾದ ದಿನ “ಇವತ್ತು ಸ್ವಲ್ಪ ಹಸಿವು” ಅನ್ನುತ್ತಾರೆ. ಪರದೆಯ ಕೆಳಗೆ ಅವರ ಚಪ್ಪಲಿಗೆ ಬೇರೆ ಬಣ್ಣದ ಬಾರು ಹೊಲಿದಿರುವುದು ಕಾಣುತ್ತದೆ.

ಇನ್ನೊಂದು ದಿನ ಯಾರೋ ದುಡ್ಡು ಎಣಿಸುತ್ತಿದ್ದರು. ಮಲಯಾಳದಲ್ಲಿ ವ್ಯಾಪಾರ ಮಾತಾಡಿದ್ದರು, ಮಲಯಾಳದಲ್ಲೇ ಎಣಿಸಲು ಶುರು ಮಾಡಿದರು. ಒನ್ನ್, ರಂಡ್, ಮೂನ್ನ್. ಎಲ್ಲೋ ನಡುವೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ. ಈ ಸಲ ಸ್ವರ ತಗ್ಗಿಸಿ, ಒಂಜಿ, ರಡ್ಡ್, ಮೂಜಿ. ತುಳುವಿನಲ್ಲಿ ಲೆಕ್ಕ ಸರಿ ಬಂತು. ನಾನು ಗೋಳಿಬಜೆ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತೆ. ಏಳು ಭಾಷೆಯ ಊರು ನಮ್ಮದು ಅಂತ ಭಾಷಣದಲ್ಲಿ ಎಷ್ಟು ಸಲ ಕೇಳಿಲ್ಲ. ಯಾವ ಭಾಷೆಯಲ್ಲಿ ಒಬ್ಬ ತನ್ನ ದುಡ್ಡು ಎಣಿಸುತ್ತಾನೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಒಬ್ಬರು ಸ್ಟೀಫನ್ ಕ್ರೇನ್ ಎಂಬ ಅಮೆರಿಕದ ಲೇಖಕನ ಬಗ್ಗೆ ಹೇಳಿದ್ದರು. ಅವರ ದೇಶದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಇವನು ಹುಟ್ಟಿದ್ದೇ 1871ರಲ್ಲಿ. ಆದರೂ ಆ ಯುದ್ಧದ ಬಗ್ಗೆ ಕಾದಂಬರಿ ಬರೆದ. 1895ರಲ್ಲಿ ಪುಸ್ತಕ ಬಂದಾಗ ಅವನಿಗೆ 23 ವರ್ಷ, ಒಂದು ಯುದ್ಧವನ್ನೂ ಕಣ್ಣಾರೆ ನೋಡಿರಲಿಲ್ಲ. ಊರಿನ ಹಳೇ ಸೈನಿಕರ ಮಾತು ಕೇಳಿಸಿಕೊಂಡಿರಬೇಕು ಅನ್ನುತ್ತಾರೆ. ಅವತ್ತು ಪರೀಕ್ಷೆಗೆ ಬರುತ್ತದೋ ಇಲ್ಲವೋ ಅಂತ ಮಾತ್ರ ಯೋಚಿಸಿದ್ದೆ. ಈಗ ಅನಿಸುತ್ತದೆ, ಅವನಿಗೂ ಎಲ್ಲೋ ಒಂದು ಪರದೆ ಇತ್ತು.

ಇನ್ನು ಮೇಣದ ಬತ್ತಿಯ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳಬೇಕು.

ಕಳೆದ ವರ್ಷ ಮಾರ್ಚ್. ಪರದೆಯ ಆಚೆ ಇಬ್ಬರು ಬಂದು ಕೂತರು. ಒಬ್ಬರ ಕಾಲಿಗೆ ಪ್ಲಾಸ್ಟಿಕ್ ಶೂ. ಇನ್ನೊಬ್ಬರದು ಬರಿಗಾಲು, ಹಿಮ್ಮಡಿ ಒಡೆದು ಸೀಳಿನೊಳಗೆ ಕೆಂಪು ಮಣ್ಣು ತುಂಬಿಕೊಂಡಿತ್ತು. ತೊಳೆದರೂ ಹೋಗದ ಮಣ್ಣು. ಬರಿಗಾಲಿನವರು ಮುದುಕರು, ಮಾತಿನ ನಡುವೆ ಕೆಮ್ಮುತ್ತಿದ್ದರು. “ಸಕ್ಕರೆ ಕಮ್ಮಿ” ಅಂದರು. ಸುರಂಗ ತೋಡುವ ಮಾತು ನಡೆಯಿತು.

ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು, ಇದು ರೈಲಿನ ಸುರಂಗ ಅಲ್ಲ. ಬಾವಿಯನ್ನು ಕೆಳಗೆ ತೋಡುವ ಬದಲು ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡುತ್ತಾರೆ. ಒಬ್ಬ ಬಗ್ಗಿಕೊಂಡು ಹೋಗುವಷ್ಟೇ ಜಾಗ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ತೋಡುವಾಗ ಒಳಗೆ ಮೇಣದ ಬತ್ತಿ ಹಚ್ಚಿಡುತ್ತಾರೆ, ಬೆಳಕಿಗೂ ಆಯಿತು, ಗಾಳಿ ಉಂಟೋ ಇಲ್ಲವೋ ನೋಡಲಿಕ್ಕೂ ಆಯಿತು. ಬತ್ತಿ ನಂದಿದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು.

ನನಗೆ ಕೇಳಿದ್ದು ಇಷ್ಟು:

“ನಲ್ವತ್ತು ಕೋಲು ಹೋಗಿತ್ತು. ಬತ್ತಿ ನಂದಿತು. ನಾನು ಹೊರಗೆ ಬಂದೆ.”

“ಅವ?”

“ಅವ ಬರಲಿಲ್ಲ.”

ಅಷ್ಟರಲ್ಲಿ ಹೊರಗೆ ಪೆರ್ಲದ ಬಸ್ಸಿನ ಹಾರ್ನು. ನಾಲ್ಕು ಕಾಲೂ ಎದ್ದು ಓಡಿದವು. ಚಾ ಲೋಟದಲ್ಲಿ ಅರ್ಧ ಉಳಿದಿತ್ತು, ಪರದೆ ಸರಿಸಿ ನೋಡಿದೆ.

ಆ ರಾತ್ರಿಯೇ ಬರೆದೆ. ಮೊದಲ ಕಥೆಯಲ್ಲಿ ‘ಅವ’ ಒಳಗೆ ಸತ್ತ. ಎರಡನೆಯದರಲ್ಲಿ ಸತ್ತವನು ತಮ್ಮ. ಮೂರನೆಯದರಲ್ಲಿ ಅಣ್ಣನೇ ಬೇಕೆಂದು ಬಿಟ್ಟು ಬಂದಿದ್ದ. ಒಂದೊಂದು ಸಲವೂ ಸಾವು ದೊಡ್ಡದಾಗುತ್ತಾ ಹೋಯಿತು, ಕಥೆ ಸಣ್ಣದಾಗುತ್ತಾ ಹೋಯಿತು. ಓದಿದರೆ ಪುನಃ ಅದೇ ದುಬೈ. ಸುರಂಗದ ಒಳಗೆ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಮನೆ ಹಿಂದೆ ಗುಡ್ಡದಲ್ಲಿ ಸುರಂಗ ಉಂಟು. ನಾನು ಹುಟ್ಟಿದ ಲಾಗಾಯ್ತು ಕುಡಿಯುತ್ತಿರುವುದು ಅದರದೇ ನೀರು. ಮುಂಚೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತಂತೆ, ನಾನು ನೋಡುವಾಗ ಪೈಪು. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ.

ಆದಿತ್ಯವಾರ ಹೋದೆ. ಅಪ್ಪ ಬೈದರು, ಆಮೇಲೆ ಟಾರ್ಚು ಹಿಡಿದು ಅವರೇ ಬಾಯಲ್ಲಿ ನಿಂತರು. ಇಪ್ಪತ್ತು ಹೆಜ್ಜೆ ಇಟ್ಟಿರಬಹುದು. ನೀರು ಪಾದ ಮುಳುಗುವಷ್ಟು, ಫ್ರಿಜ್ಜಿನದರಷ್ಟು ತಣ್ಣಗೆ. ಎರಡು ಭುಜವೂ ಗೋಡೆಗೆ ತಾಗುತ್ತದೆ. ಗೋಡೆಯಲ್ಲಿ ಪಿಕ್ಕಾಸಿನ ಪೆಟ್ಟು ಒಂದೊಂದೂ ಹಾಗೇ ಉಂಟು, ಬಾಚಣಿಗೆಯಲ್ಲಿ ಗೀರಿದ ಹಾಗೆ, ಎಲ್ಲವೂ ಬಲದಿಂದ ಎಡಕ್ಕೆ. ಒಂದು ಕಡೆ ಮಾತ್ರ ಎಡದಿಂದ ಬಲಕ್ಕೆ. ಅಲ್ಲಿ ಆಳು ಬದಲಾಗಿರಬೇಕು, ಎಡಚ ಯಾರೋ. ಬಾವಲಿಯ ವಾಸನೆ. “ಅಪ್ಪಾ” ಅಂತ ಕರೆದೆ. ಸ್ವರ ಹೊರಗೆ ಹೋಗಲೇ ಇಲ್ಲ, ನನ್ನ ಬಾಯಿಯಲ್ಲೇ ಕೂತಿತು. ತಿರುಗಿ ಬರಲು ಜಾಗ ಇರಲಿಲ್ಲ, ಹಿಂದೆ ಹಿಂದೆ ನಡೆದು ಬಂದೆ. ಹೊರಗೆ ಬಂದಾಗ ಅಪ್ಪ ಫೋನಿನಲ್ಲಿ ಅಡಿಕೆಗೆ ಮದ್ದು ಬಿಡುವವರ ಹತ್ತಿರ ಮಾತಾಡುತ್ತಿದ್ದರು. ಮಳೆ ಹಿಡಿಯುವ ಮುಂಚೆ ಒಂದು ಸಲ ಮೈಲುತುತ್ತು-ಸುಣ್ಣ ಬಿಡಿಸಬೇಕು, ಹತ್ತುವವರು ಸಿಗುವುದಿಲ್ಲ, ಈಗಲೇ ಹೇಳಿಡಬೇಕು. (ನನ್ನ ಒಂದು ಕಥೆಯಲ್ಲಿ ಈ ಮದ್ದನ್ನು ಜನವರಿಯಲ್ಲಿ ಬಿಡಿಸಿದ್ದೆ. ಅಪ್ಪ ಓದಿ ಎರಡು ದಿನ ನಕ್ಕರು. ತೋಟದಲ್ಲೇ ಹುಟ್ಟಿದವಳು ನಾನು.)

ಮೂರು ತಿಂಗಳ ನಂತರ ಹೋಟೆಲಿನಲ್ಲಿ ಮತ್ತೆ ಆ ಕೆಮ್ಮು ಕೇಳಿತು. “ಸಕ್ಕರೆ ಕಮ್ಮಿ.” ಕೆಳಗೆ ನೋಡಿದೆ, ಅದೇ ಹಿಮ್ಮಡಿ. ಆ ದಿನ ನಾನು ಮೊದಲ ಸಲ ಪರದೆ ಸರಿಸಿ ಹೊರಗೆ ಬಂದು ಎದುರು ಕೂತೆ. ಕದ್ದು ಕೇಳಿದ್ದು ಒಪ್ಪಿಕೊಂಡೆ. ಅವರಿಗೆ ಬೇಸರ ಆಗಲಿಲ್ಲ, ನಗು ಬಂತು.

“ಅವನಾ? ಎಂತ ಆಗ್ಲಿಲ್ಲ ಮಗಾ. ಇಬ್ಬರೂ ಹೊರಗೆ ಬಂದೆವು. ಮರುದಿನದಿಂದ ಅವ ಕೆಲಸಕ್ಕೆ ಬರಲಿಲ್ಲ. ಹೆದರಿದ. ಈಗ ಪೈಂಟಿಂಗಿಗೆ ಹೋಗ್ತಾನೆ.” ಸ್ವಲ್ಪ ಹೊತ್ತು ಬಿಟ್ಟು, “ಹೊರಗಿನ ಗೋಡೆ ಮಾತ್ರ ಹೊಡೆಯುವುದು. ಒಳಗಿನ ಕೋಣೆ ಅಂದ್ರೆ ಬೇರೆಯವರನ್ನು ಕಳಿಸ್ತಾನೆ” ಅಂದರು.

ನನ್ನ ಮೂರು ಕಥೆಯೂ ಅಲ್ಲೇ ಬಿದ್ದುಹೋದವು. ನಾನು ಮೂರು ಸಲ ಕೊಂದವನು ಆರಾಮಾಗಿ ಬಿಸಿಲಿನಲ್ಲಿ ನಿಂತು ಯಾರದೋ ಮನೆಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ. ಈಗ ಬರೆದಿರುವುದು ಅವನ ಕಥೆ. ಸಾವು ಇಲ್ಲ. ಒಂದು ಮನೆ ಒಕ್ಕಲು, ಕಿಟಕಿ ಇಲ್ಲದ ಒಂದು ದೇವರ ಕೋಣೆ, ಬಾಗಿಲಲ್ಲಿ ಬ್ರಷ್ಷು ಹಿಡಿದು ನಿಂತ ಒಬ್ಬ. ಎಡಚ ಅಂತ ನಾನು ಸೇರಿಸಿದೆ.

ಇಲ್ಲಿ ಒಂದು ಮಾತು. ಕೇಳಿದ್ದೆಲ್ಲ ಬರೆಯಲಿಕ್ಕಲ್ಲ. ಒಂದು ಸಂಜೆ ಪಕ್ಕದ ಹಲಗೆಯ ಆಚೆ ಒಬ್ಬರು ಫೋನಿನಲ್ಲಿ ಆಸ್ಪತ್ರೆಯ ಸುದ್ದಿ ಕೇಳಿ ಅಳುತ್ತಿದ್ದರು. ನಾನು ಪುಸ್ತಕ ಮುಚ್ಚಿ ಚಾ ಬಿಟ್ಟು ಎದ್ದು ಬಂದೆ. ಬರೆಯುವುದಾದರೂ ಊರು, ಕೆಲಸ, ಭಾಷೆ ಎಲ್ಲ ಬದಲಾಯಿಸುತ್ತೇನೆ. ಮಾಸ್ತರರು ನಿಜವಾಗಿ ಮಾಸ್ತರರಲ್ಲ, ಮೇಲೆ ಕೂಡ ಬದಲಾಯಿಸಿದ್ದೇನೆ.

ಒಮ್ಮೆ ನೋಟ್‌ಬುಕ್ಕನ್ನೇ ಟೇಬಲ್ ಮೇಲೆ ಬಿಟ್ಟು ಬಸ್ಸು ಹತ್ತಿದೆ. ರಾತ್ರಿ ನಿದ್ದೆ ಬರಲಿಲ್ಲ. ಅದರಲ್ಲಿ ಅರ್ಧ ಪೇಟೆ ಇತ್ತು. ಮರುದಿನ ಹೋದರೆ ಧಣಿಗಳು ಗಲ್ಲಾಪೆಟ್ಟಿಗೆಯ ಡ್ರಾಯರಿನಿಂದ ತೆಗೆದು ಕೊಟ್ಟರು. ಓದಿದ್ದಾರೆ ಅಂತ ಮುಖದಲ್ಲೇ ಗೊತ್ತಾಯಿತು. ನಾನು ಉಸಿರು ಬಿಗಿ ಹಿಡಿದು ನಿಂತೆ.

“ಎಲ್ಲ ಸರಿ. ಸಾಂಬಾರು ತೆಳು ಅಂತ ಮೂರು ಕಡೆ ಬರೆದಿದ್ದಿ ಅಲ್ವಾ?”

“ಹೌದು ಅಣ್ಣ.”

“ಬರೆ. ಹೆಸರು ಹಾಕಬೇಡ.”

ಅದಕ್ಕೇ ಹಾಕಿಲ್ಲ. ಸಾಂಬಾರು ಈಗಲೂ ತೆಳುವೇ.

ಯಾರು ಹೋಗಬಹುದು? ಹೊಟ್ಟೆ ತುಂಬ ಊಟ ಬೇಕಾದವರು ಬೇಡ. ಗಡಿಬಿಡಿಯವರು ಬೇಡ, ಸಪ್ಲೈಯರ್ ಹುಡುಗ ಅಸ್ಸಾಮಿನವನು, ‘ಬನ್ಸ್’ ಅಂದರೆ ಬನ್ನು ತಂದುಕೊಡುತ್ತಾನೆ. ಬೆಂಚಿನ ಎಡತುದಿಯಲ್ಲಿ ಕೂರಿ, ಅಲ್ಲಿಂದ ಎರಡು ಟೇಬಲಿನ ಕಾಲು ಕಾಣುತ್ತದೆ. ಬಲತುದಿಯಲ್ಲಿ ಮೊಳೆ ಎದ್ದಿದೆ, ನನ್ನ ಒಂದು ಚೂಡಿದಾರ ಹೋಯಿತು. ಬರೆಯುವವರು ಮೊಬೈಲಿನಲ್ಲಿ ಟೈಪ್ ಮಾಡಿ, ಪುಸ್ತಕ ತೆಗೆದರೆ ಪಂಚಾಯತಿನ ಸರ್ವೆಯವರು ಅಂತ ಮಾತು ನಿಲ್ಲಿಸಿಬಿಡುತ್ತಾರೆ. ಬರಿದೇ ಕೂರಬೇಡಿ. ಒಂದು ಗಂಟೆಗೆ ಒಂದು ಪ್ಲೇಟು, ಎರಡು ಚಾ, ಇದು ಮರ್ಯಾದೆ. ನನ್ನ ಕಥೆಗಳಲ್ಲಿ ಎಲ್ಲರಿಗೂ ಕಾಲು ಉಂಟು, ಮುಖ ಇಲ್ಲ ಅಂತ ಗೆಳತಿಯೊಬ್ಬಳು ದೂರಿದ್ದಾಳೆ. ಆ ಅಪಾಯವೂ ಉಂಟು.

ಪೈಂಟರಿನ ಕಥೆ ಅದೇ ಪತ್ರಿಕೆಗೆ ಕಳಿಸಿ ಆರು ವಾರ ಆಯಿತು. ಉತ್ತರ ಬಂದಿಲ್ಲ.

ಇನ್ನೊಂದು ಸುದ್ದಿ. ಮೊನ್ನೆ ಬಡಗಿಯೊಬ್ಬರು ಟೇಪು ಹಿಡಿದು ಫ್ಯಾಮಿಲಿ ರೂಮು ಅಳೆಯುತ್ತಿದ್ದರು. ಪ್ಲೈವುಡ್ ತೆಗೆದು ಗಾಜು ಹಾಕಿ ಏಸಿ ಮಾಡುತ್ತಾರಂತೆ. ಓಣಂ ಕಳೆದ ಮೇಲೆ ಕೆಲಸ ಶುರು. ಹೋಗುವವರು ಅದಕ್ಕೆ ಮುಂಚೆ ಹೋಗಿ. ಗೋಳಿಬಜೆ ನಾಲ್ಕಕ್ಕೆ ಬಾಣಲೆಯಿಂದ ಇಳಿಯುತ್ತದೆ, ನಾಲ್ಕೂವರೆಗೆ ಮುಗಿಯುತ್ತದೆ.